ಕಡಿಮೆ ಕೆಡುಕಿನ ಆಯ್ಕೆ: ಅಮೆರಿಕದ ಪ್ರಗತಿಪರ ಮತದಾರನ ಧರ್ಮಸಂಕಟ

ಒಳಿತು ಮತ್ತು ಕೆಡುಕು ಎದುರುಬದುರಾಗಿ ನಿಂತಾಗ ಯಾವುದನ್ನು ಆರಿಸಬೇಕೆಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಎದುರಿಗೆ ಇರುವ ಎರಡೂ ದಾರಿಗಳು ಮನಸ್ಸಿಗೆ ಒಪ್ಪದೆ, ಅವುಗಳಲ್ಲಿ ಒಂದು ಮತ್ತೊಂದಕ್ಕಿಂತ ಸ್ವಲ್ಪ ಕಡಿಮೆ ಕೆಟ್ಟದ್ದೆಂದು ತೋರಿದಾಗಲೇ ನಿಜವಾದ ಧರ್ಮಸಂಕಟ ಆರಂಭವಾಗುತ್ತದೆ. ಕಡಿಮೆ ಕೆಟ್ಟದ್ದನ್ನು ಆರಿಸಿದವನು ಅದರಲ್ಲಿರುವ ಕೆಡುಕಿಗೂ ಪಾಲುದಾರನಾಗುವನೆ? ಎರಡನ್ನೂ ತೊರೆದು ದೂರ ನಿಂತವನು ನಿರ್ದೋಷಿಯಾಗುವನೆ? ಅವನು ದೂರ ನಿಂತುದರಿಂದಲೇ ಹೆಚ್ಚಿನ ಕೆಡುಕು ಗೆದ್ದರೆ ಅದರ ಹೊಣೆ ಯಾರದು?

ಈ ಪ್ರಶ್ನೆ ಇಂದು ಅತ್ಯಂತ ತೀಕ್ಷ್ಣವಾಗಿ ಎದುರಾಗಿರುವ ದೇಶಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನವೂ ಒಂದು. ಸಮಾಜದ ಅನೇಕ ಕುಟುಂಬಗಳ ಮಕ್ಕಳು ಆ ದೇಶದಲ್ಲಿ ನೆಲೆಸಿ, ಪೌರತ್ವ ಪಡೆದು, ನಾಲ್ಕು ವರ್ಷಕ್ಕೊಮ್ಮೆ ಅಲ್ಲಿಯ ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಲ್ಲುತ್ತಿರುವುದರಿಂದ ಇದು ಕೇವಲ ದೂರದ ಸುದ್ದಿಯಾಗಿ ಉಳಿದಿಲ್ಲ. ಅಲ್ಲಿ ಪ್ರಗತಿಪರನೆಂದು ತನ್ನನ್ನು ಕರೆದುಕೊಳ್ಳುವ ಮತದಾರನ ಬೇಡಿಕೆಗಳು ಗುಟ್ಟಾದವುಗಳಲ್ಲ: ಎಲ್ಲರಿಗೂ ವೈದ್ಯಕೀಯ ವಿಮೆ, ಬದುಕಲು ಸಾಕಾಗುವ ಕನಿಷ್ಠ ಕೂಲಿ, ಚುನಾವಣೆಯಲ್ಲಿ ಹಣದ ಪ್ರಭಾವಕ್ಕೆ ಕಡಿವಾಣ, ಹೊರದೇಶಗಳ ಮೇಲಿನ ಯುದ್ಧಗಳಿಗೆ ವಿರಾಮ, ಹವಾಮಾನದ ರಕ್ಷಣೆ. ಈ ಬೇಡಿಕೆಗಳು ಸರಿಯೆ ತಪ್ಪೆ ಎಂಬುದು ಇಲ್ಲಿಯ ವಿಷಯವಲ್ಲ. ಅವುಗಳನ್ನು ಪ್ರಾಮಾಣಿಕವಾಗಿ ನಂಬಿದವನು, ತನ್ನ ನಂಬಿಕೆಯನ್ನು ಪೂರ್ತಿಯಾಗಿ ಒಪ್ಪದ ಪಕ್ಷಕ್ಕೆ ಮತ ನೀಡಬೇಕೆ ಎಂಬುದೇ ವಿಷಯ. ರಿಪಬ್ಲಿಕನ್ ಪಕ್ಷದ ಪರಂಪರೆಯನ್ನು ಗೌರವಿಸಿಯೂ ಇತ್ತೀಚೆಗೆ ಅದರ ಅಭ್ಯರ್ಥಿಯನ್ನು ಒಪ್ಪಲಾರದೆ ಹೋದ ಸಂಪ್ರದಾಯವಾದಿಗೂ ಇದೇ ಸಂಕಟ ಒದಗಿದೆ.

ಇಪ್ಪತ್ತೈದು ವರ್ಷಗಳ ಲೆಕ್ಕ

2000ನೆಯ ಇಸವಿಯಲ್ಲಿ ಮೊದಲ ಬಾರಿ ಮತ ಹಾಕಿದ ಒಬ್ಬ ಪ್ರಗತಿಪರ ಮತದಾರನನ್ನು ಊಹಿಸಿಕೊಂಡು, ಅವನ ಲೆಕ್ಕದ ಪುಸ್ತಕವನ್ನು ತೆರೆದು ನೋಡಬಹುದು. ಆ ವರ್ಷ ಡೆಮೊಕ್ರಾಟಿಕ್ ಪಕ್ಷದ ಆಲ್ ಗೋರ್, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಇವರ ಜೊತೆಗೆ ಹಸಿರು ಪಕ್ಷದ ರಾಲ್ಫ್ ನೇಡರ್ ಸ್ಪರ್ಧಿಸಿದ್ದರು. ದೇಶದ ಒಟ್ಟು ಮತಗಳಲ್ಲಿ ಗೋರ್ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದರೂ, ಫ್ಲಾರಿಡಾ ರಾಜ್ಯವನ್ನು ಬುಷ್ 537 ಮತಗಳಿಂದ ಗೆದ್ದು ಅಧ್ಯಕ್ಷರಾದರು. ಅದೇ ರಾಜ್ಯದಲ್ಲಿ ನೇಡರ್ ಪಡೆದ ಮತಗಳು 97,488. ಅವರೆಲ್ಲರೂ ಗೋರ್ ಅವರಿಗೇ ಮತ ನೀಡುತ್ತಿದ್ದರೆಂದು ಹೇಳಲಾಗದು. ಕೆಲವರು ಮತಗಟ್ಟೆಗೇ ಬರುತ್ತಿರಲಿಲ್ಲ. ಆದರೂ 537 ಎಂಬುದು ಬಹಳ ಸಣ್ಣ ಸಂಖ್ಯೆ. ಅಂದಿನಿಂದ ಈ ಮತದಾರನು ಅಸಮಾಧಾನವನ್ನು ಬಾಯಿಬಿಟ್ಟಾಗಲೆಲ್ಲ ಅವನ ಮುಂದೆ ಈ ಸಂಖ್ಯೆಯನ್ನು ಹಿಡಿಯಲಾಗುತ್ತಿದೆ.

ಅವನು ಎಚ್ಚೆತ್ತುಕೊಂಡು ಡೆಮೊಕ್ರಾಟಿಕ್ ಪಕ್ಷದ ಕಡೆ ಬಂದನೆಂದು ಭಾವಿಸೋಣ. ಅಲ್ಲಿ ಅವನಿಗೆ ದೊರೆತುದೇನು? 2002ರ ಅಕ್ಟೋಬರಿನಲ್ಲಿ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಅನುಮತಿ ನೀಡುವ ನಿರ್ಣಯ ಸೆನೆಟ್ಟಿನಲ್ಲಿ 77ಕ್ಕೆ 23 ಮತಗಳಿಂದ ಅಂಗೀಕೃತವಾದಾಗ, ಡೆಮೊಕ್ರಾಟಿಕ್ ಪಕ್ಷದ 50 ಸದಸ್ಯರಲ್ಲಿ 29 ಮಂದಿ ಅದರ ಪರವಾಗಿದ್ದರು. 2004ರಲ್ಲಿ ಆ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾದ ಜಾನ್ ಕೆರಿ, 2016ರ ಅಭ್ಯರ್ಥಿ ಹಿಲರಿ ಕ್ಲಿಂಟನ್, 2020ರ ಅಭ್ಯರ್ಥಿ ಜೋ ಬೈಡನ್ ಈ ಮೂವರೂ ಅಂದು ಯುದ್ಧದ ಪರವಾಗಿ ಕೈಯೆತ್ತಿದವರೇ. ಯುದ್ಧವನ್ನು ವಿರೋಧಿಸಿದ ಮತದಾರನು ಯುದ್ಧಕ್ಕೆ ಸಮ್ಮತಿಸಿದವರಿಗೆ ಮೂರು ಬಾರಿ ಮತ ಹಾಕಬೇಕಾಗಿ ಬಂದಿತು.

2009ರಲ್ಲಿ ಬರಾಕ್ ಒಬಾಮ ಅವರ ಆಡಳಿತದಲ್ಲಿ ವೈದ್ಯಕೀಯ ವಿಮೆಯ ಮಸೂದೆ ಸಿದ್ಧವಾಯಿತು. ಖಾಸಗಿ ವಿಮಾ ಸಂಸ್ಥೆಗಳೊಡನೆ ಸ್ಪರ್ಧಿಸುವ ಸರ್ಕಾರಿ ವಿಮೆಯೊಂದು ಅದರಲ್ಲಿ ಸೇರಬೇಕೆಂಬುದು ಪ್ರಗತಿಪರರ ಕನಿಷ್ಠ ಆಸೆಯಾಗಿತ್ತು. ಪ್ರತಿನಿಧಿ ಸಭೆ ಅದನ್ನು ಒಪ್ಪಿತ್ತು. ಸೆನೆಟ್ಟಿನಲ್ಲಿ ಅಗತ್ಯವಾಗಿದ್ದ 60ನೆಯ ಮತಕ್ಕಾಗಿ ಜೋಸೆಫ್ ಲೀಬರ್‌ಮನ್ ಅವರ ಒಪ್ಪಿಗೆ ಬೇಕಾಗಿ, ಅವರು ಒಪ್ಪದ ಕಾರಣ ಆ ಭಾಗ ಕಳಚಿ ಬಿದ್ದಿತು. ಇದೇ ಲೀಬರ್‌ಮನ್ 2000ದಲ್ಲಿ ಗೋರ್ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು.

ಕನಿಷ್ಠ ಕೂಲಿಯ ಕಥೆಯೂ ಇಂಥದೇ. ಇಡೀ ದೇಶಕ್ಕೆ ಅನ್ವಯಿಸುವ ಗಂಟೆಗೆ 7.25 ಡಾಲರ್ ಎಂಬ ದರ 2009ರ ಜುಲೈಯಲ್ಲಿ ಜಾರಿಗೆ ಬಂದುದು. 2025ರವರೆಗೂ ಅದು ಏರಲಿಲ್ಲ. 2021ರ ಮಾರ್ಚಿಯಲ್ಲಿ ಅದನ್ನು 15 ಡಾಲರಿಗೆ ಏರಿಸುವ ಪ್ರಯತ್ನವನ್ನು ಸೆನೆಟರ್ ಬರ್ನಿ ಸ್ಯಾಂಡರ್ಸ್ ಮಾಡಿದಾಗ 42 ಮತಗಳು ಪರವಾಗಿಯೂ 58 ಮತಗಳು ವಿರುದ್ಧವಾಗಿಯೂ ಬಂದವು. ಡೆಮೊಕ್ರಾಟಿಕ್ ಬಣದ ಎಂಟು ಸದಸ್ಯರು ವಿರೋಧಿಗಳೊಡನೆ ಸೇರಿದ್ದರು.

ಈ ಖರ್ಚಿನ ಪುಟವನ್ನು ಮಾತ್ರ ಓದಿದವನಿಗೆ ನಿರಾಶೆ ಸಹಜ. ವ್ಯಾಪಾರದ ಅನುಭವವುಳ್ಳ ಯಾರಿಗಾದರೂ ಈ ನಿರಾಶೆಯ ಮೂಲ ತಿಳಿಯುತ್ತದೆ. ಬೇರೆ ಅಂಗಡಿಗೆ ಹೋಗಲಾರದ ಗಿರಾಕಿಗೆ ಯಾರೂ ರಿಯಾಯಿತಿ ಕೊಡುವುದಿಲ್ಲ. ಒಳ್ಳೆಯ ಸರಕನ್ನು ಅನುಮಾನಿಸುವ ಗಿರಾಕಿಗಾಗಿ ಎತ್ತಿಡುತ್ತಾರೆ. ಹೇಗಿದ್ದರೂ ಇವನು ಎದುರು ಪಕ್ಷಕ್ಕೆ ಹೋಗಲಾರನೆಂದು ಪಕ್ಷದ ಹಿರಿಯರಿಗೆ ಖಚಿತವಾಗಿ ತಿಳಿದಿರುವಾಗ, ಅವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಆದರೆ ಲೆಕ್ಕದ ಪುಸ್ತಕಕ್ಕೆ ಜಮಾ ಪುಟವೂ ಉಂಟು. ಸರ್ಕಾರಿ ವಿಮೆಯ ಭಾಗವನ್ನು ಕಳೆದುಕೊಂಡ ಅದೇ ಮಸೂದೆ 2010ರ ಮಾರ್ಚಿಯಲ್ಲಿ ಕಾನೂನಾಯಿತು. ಆ ವರ್ಷ ಸುಮಾರು 4 ಕೋಟಿ 80 ಲಕ್ಷ ಇದ್ದ ವಿಮೆಯಿಲ್ಲದವರ ಸಂಖ್ಯೆ 2016ರ ವೇಳೆಗೆ ಸುಮಾರು 2 ಕೋಟಿ 80 ಲಕ್ಷಕ್ಕೆ ಇಳಿಯಿತು. ಎರಡು ಕೋಟಿ ಜನರ ರೋಗ, ಹೆರಿಗೆ, ಅಪಘಾತಗಳ ಲೆಕ್ಕವಿದು. ಅರ್ಧ ದೊರೆತುದನ್ನು ಏನೂ ದೊರೆಯಲಿಲ್ಲವೆಂದು ಬರೆಯುವುದು ಪ್ರಾಮಾಣಿಕ ಲೆಕ್ಕವಲ್ಲ.

ವ್ಯವಸ್ಥೆಯ ಕಟ್ಟು

ಇಷ್ಟು ದೊಡ್ಡ ದೇಶದಲ್ಲಿ ಮೂರನೆಯ ಪಕ್ಷವೊಂದು ಏಕೆ ಬೆಳೆಯಲಿಲ್ಲವೆಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಮನುಷ್ಯರ ಸ್ವಭಾವಕ್ಕಿಂತ ಹೆಚ್ಚಾಗಿ ಚುನಾವಣೆಯ ನಿಯಮಗಳಲ್ಲಿದೆ. ಅಧ್ಯಕ್ಷರನ್ನು ಆರಿಸುವುದು 538 ಮಂದಿಯ ಚುನಾಯಕ ಮಂಡಳಿ. ಗೆಲ್ಲಲು 270 ಬೇಕು. 50 ರಾಜ್ಯಗಳಲ್ಲಿ 48 ರಾಜ್ಯಗಳು ತಮ್ಮಲ್ಲಿ ಅತಿ ಹೆಚ್ಚು ಮತ ಪಡೆದವನಿಗೆ ತಮ್ಮ ಪಾಲಿನ ಅಷ್ಟೂ ಸ್ಥಾನಗಳನ್ನು ಕೊಡುತ್ತವೆ. 1992ರಲ್ಲಿ ಸ್ವತಂತ್ರ ಅಭ್ಯರ್ಥಿ ರಾಸ್ ಪೆರೋ ದೇಶದ ಮತಗಳಲ್ಲಿ ಸುಮಾರು ಶೇಕಡ 19ರಷ್ಟನ್ನು ಪಡೆದರೂ ಚುನಾಯಕ ಮಂಡಳಿಯಲ್ಲಿ ಅವರಿಗೆ ಒಂದು ಸ್ಥಾನವೂ ದೊರೆಯಲಿಲ್ಲ.

ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸ್ಥಾನ. 2020ರ ಜನಗಣತಿಯಂತೆ ಕ್ಯಾಲಿಫೋರ್ನಿಯದ 3 ಕೋಟಿ 95 ಲಕ್ಷ ಜನರಿಗೆ ಎಷ್ಟು ಸೆನೆಟರುಗಳೋ, ವಯೋಮಿಂಗ್ ರಾಜ್ಯದ 5 ಲಕ್ಷ 77 ಸಾವಿರ ಜನರಿಗೂ ಅಷ್ಟೇ. ಅದರ ಮೇಲೆ, ಚರ್ಚೆಯನ್ನು ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು ಸಾಮಾನ್ಯವಾಗಿ 100ರಲ್ಲಿ 60 ಸದಸ್ಯರ ಒಪ್ಪಿಗೆ ಬೇಕೆಂಬ ನಿಯಮ 1975ರಿಂದ ನಡೆದುಬಂದಿದೆ. ಜೊತೆಗೆ, ಸಂಸ್ಥೆಗಳು ಚುನಾವಣಾ ಪ್ರಚಾರಕ್ಕೆ ಸ್ವತಂತ್ರವಾಗಿ ಮಾಡುವ ವೆಚ್ಚಕ್ಕೆ ಮಿತಿ ಹಾಕಲಾಗದೆಂದು 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು 5ಕ್ಕೆ 4ರ ಬಹುಮತದಿಂದ ತೀರ್ಪಿತ್ತಿತು. ಪ್ರಗತಿಪರ ಮತದಾರನು ಒಂದು ಪಕ್ಷದ ಮುಖಂಡರ ಹೇಡಿತನವೆಂದು ತಿಳಿಯುವ ಎಷ್ಟೋ ಸಂಗತಿಗಳು ಈ ಕಟ್ಟಿನಿಂದ ಹುಟ್ಟಿದವು. ಎಷ್ಟೋ ಸಂಗತಿಗಳು ನಿಜವಾಗಿಯೂ ಹೇಡಿತನವೇ. ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಕೋಪ ತಪ್ಪು ವಿಳಾಸಕ್ಕೆ ಹೋಗುತ್ತದೆ.

1844ರ ಪಾಠ

ಕಡಿಮೆ ಕೆಡುಕಿನ ಪ್ರಶ್ನೆ ಅಮೆರಿಕನ್ನರಿಗೆ ಹೊಸದಲ್ಲ. 1844ರ ಅಧ್ಯಕ್ಷ ಚುನಾವಣೆಯಲ್ಲಿ ಅದು ಗುಲಾಮಗಿರಿಯ ರೂಪದಲ್ಲಿ ಬಂದಿತ್ತು. ಡೆಮೊಕ್ರಾಟಿಕ್ ಪಕ್ಷದ ಜೇಮ್ಸ್ ಪೋಕ್ ಟೆಕ್ಸಾಸ್ ಪ್ರಾಂತವನ್ನು ಕೂಡಲೇ ಒಕ್ಕೂಟಕ್ಕೆ ಸೇರಿಸಬೇಕೆಂದು ನಿಂತಿದ್ದರು. ಹಾಗೆ ಸೇರಿಸಿದರೆ ಗುಲಾಮಗಿರಿಯ ನೆಲ ವಿಸ್ತಾರವಾಗುತ್ತಿತ್ತು. ವಿಗ್ ಪಕ್ಷದ ಹೆನ್ರಿ ಕ್ಲೇ ಅದನ್ನು ವಿರೋಧಿಸಿದ್ದರು, ಆದರೆ ಆ ಬೇಸಗೆಯಲ್ಲಿ ಅವರ ಮಾತು ತೂಗಾಡತೊಡಗಿತ್ತು. ಮೇಲಾಗಿ ಅವರೇ ಗುಲಾಮರ ಒಡೆಯರು. ಗುಲಾಮಗಿರಿಯನ್ನು ಪಾಪವೆಂದು ನಂಬಿದವರಿಗೆ ಇದು ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಅವರಲ್ಲಿ ಕೆಲವರು ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿ ಎಂಬವರಿಗೆ ಮತ ನೀಡಿದರು. ತನ್ನ ಗುಲಾಮರನ್ನು ತಾನೇ ಬಿಡುಗಡೆ ಮಾಡಿದ್ದ ಬರ್ನಿ ನಿಷ್ಕಳಂಕ ಅಭ್ಯರ್ಥಿಯಾಗಿದ್ದರು.

ಫಲಿತಾಂಶ ಬಂದಾಗ ನ್ಯೂಯಾರ್ಕ್ ರಾಜ್ಯವನ್ನು ಪೋಕ್ 5,106 ಮತಗಳಿಂದ ಗೆದ್ದಿದ್ದರು. ಅಲ್ಲಿ ಬರ್ನಿ ಪಡೆದ ಮತಗಳು 15,812. ನ್ಯೂಯಾರ್ಕಿನ 36 ಚುನಾಯಕ ಸ್ಥಾನಗಳು ಆಚೆಗೆ ಸರಿದಿದ್ದರೆ ಕ್ಲೇ ಅಧ್ಯಕ್ಷರಾಗುತ್ತಿದ್ದರು. ಪೋಕ್ ಗೆದ್ದುದರಿಂದ 1845ರ ಡಿಸೆಂಬರಿನಲ್ಲಿ ಟೆಕ್ಸಾಸ್ ಗುಲಾಮಗಿರಿಯ ರಾಜ್ಯವಾಗಿಯೇ ಒಕ್ಕೂಟವನ್ನು ಸೇರಿತು. 1846ರಲ್ಲಿ ಮೆಕ್ಸಿಕೊ ದೇಶದ ಮೇಲೆ ಯುದ್ಧ ಆರಂಭವಾಯಿತು. 1850ರ ಜನಗಣತಿಯಲ್ಲಿ ಟೆಕ್ಸಾಸಿನ ಗುಲಾಮರ ಸಂಖ್ಯೆ ಸುಮಾರು 58,000. 1860ರಲ್ಲಿ ಸುಮಾರು 1,82,000.

ಆಗ ಇಲಿನಾಯ್ ರಾಜ್ಯದ ವಿಗ್ ಪಕ್ಷದ ಒಬ್ಬ ತರುಣ ವಕೀಲರು 1845ರಲ್ಲಿ ಬರೆದ ಕಾಗದವೊಂದರಲ್ಲಿ, ಗುಲಾಮಗಿರಿ ವಿರೋಧಿಗಳು ಕ್ಲೇ ಅವರಿಗೆ ಮತ ನೀಡಿದ್ದರೆ ಟೆಕ್ಸಾಸ್ ಸೇರ್ಪಡೆ ನಡೆಯುತ್ತಿರಲಿಲ್ಲವೆಂದೂ, ಕೆಡುಕನ್ನು ತಡೆಯುವ ಮತವನ್ನು ಕೆಡುಕೆಂದು ಕರೆಯುವುದು ಹೇಗೆಂದೂ ವಾದಿಸಿದರು. ಆ ವಕೀಲರ ಹೆಸರು ಅಬ್ರಹಾಂ ಲಿಂಕನ್.

ಇಲ್ಲಿಗೆ ಕಥೆ ಮುಗಿದಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು. ಆದರೆ ಅದೇ ಲಿಬರ್ಟಿ ಪಕ್ಷದ ಜನರಲ್ಲಿ ಬಹುಮಂದಿ 1848ರಲ್ಲಿ ಫ್ರೀ ಸಾಯಿಲ್ ಪಕ್ಷವನ್ನು ಕಟ್ಟಲು ನೆರವಾದರು. ಅದರ ಜನ 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷವನ್ನು ಸೇರಿದರು. ಆ ಪಕ್ಷ 1860ರಲ್ಲಿ ಅಧ್ಯಕ್ಷರನ್ನಾಗಿ ಆರಿಸಿದುದು ಅದೇ ಲಿಂಕನ್ ಅವರನ್ನು. 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಹೀಗೆ, ಯಾರ ಮತವನ್ನು ವ್ಯರ್ಥವೆಂದು ಲಿಂಕನ್ ದೂರಿದರೋ ಅವರು ತೆರೆದ ಹಾದಿಯಲ್ಲಿಯೇ ಲಿಂಕನ್ ನಡೆದು ಬಂದರು.

ಹಾಗಾದರೆ 1844ರಲ್ಲಿ ಸರಿಯಾದವರು ಯಾರು? ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕಾಗುತ್ತದೆ. ಬರ್ನಿಗೆ ಬಿದ್ದ ಮತಗಳಿಗೆ ಬೆಲೆ ಇತ್ತು, ಮತ್ತು ಆ ಬೆಲೆಯನ್ನು ತೆತ್ತವರು ಮತ ಹಾಕಿದವರಲ್ಲ, ಟೆಕ್ಸಾಸಿನ ಹತ್ತಿಯ ಹೊಲಗಳಿಗೆ ಸಾಗಿಸಲ್ಪಟ್ಟ ಗುಲಾಮರು. ಹಾಗೆಯೇ, ಮುಂದೆ ಬಂದ ಫಲ ಆ ಒಂದು ದಿನದ ಮತದಿಂದ ಬಂದುದಲ್ಲ. ಹದಿನಾರು ವರ್ಷಗಳ ಕಾಲ ಪತ್ರಿಕೆ ನಡೆಸಿ, ಸಭೆ ಕೂಡಿಸಿ, ಸೋಲುಗಳನ್ನು ಸಹಿಸಿ, ತಮಗಿಂತ ಮಂದಗತಿಯವರೊಡನೆ ಸೇರಿ ಪಕ್ಷವನ್ನು ವಿಸ್ತರಿಸಿದುದರಿಂದ ಬಂದುದು. ಇದನ್ನು 2000ದ ನಂತರದ ಕಥೆಯೊಡನೆ ಹೋಲಿಸಬೇಕು. ನೇಡರ್ ಅವರಿಗೆ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳು ಬಂದಿದ್ದವು. ನಾಲ್ಕು ವರ್ಷಗಳ ಅನಂತರ ಹಸಿರು ಪಕ್ಷದ ಅಭ್ಯರ್ಥಿಗೆ ಬಂದುದು ಸುಮಾರು 1,20,000. ಬಿತ್ತಿದವರು ಹೊಲವನ್ನು ಕಾಯಲಿಲ್ಲ.

ಬೆಲೆ ತೆರುವವರು ಯಾರು?

ಮತವೆಂದರೆ ಅಂತರಂಗದ ಘೋಷಣೆ, ಆದುದರಿಂದ ಒಪ್ಪದವನಿಗೆ ಕೊಡಲಾಗದು ಎಂಬುದು ಒಂದು ವಾದ. ಮತವೆಂದರೆ ಪರರ ಬದುಕನ್ನು ತಟ್ಟುವ ಕ್ರಿಯೆ, ಆದುದರಿಂದ ಅದನ್ನು ಫಲದಿಂದಲೇ ಅಳೆಯಬೇಕು ಎಂಬುದು ಇನ್ನೊಂದು ವಾದ. ಮನಸ್ಸು, ಮಾತು, ಕೃತಿಗಳಿಂದ ತಾನು ಮಾಡಿದುದು, ಪರರಿಂದ ಮಾಡಿಸಿದುದು, ಮಾಡುವವರನ್ನು ಅನುಮೋದಿಸಿದುದು ಎಂದು ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡುವ ಅಭ್ಯಾಸವಿರುವ ಓದುಗರಿಗೆ ಮೊದಲ ವಾದದ ಬಲ ಬೇಗನೆ ತಿಳಿಯುತ್ತದೆ. ಮತ ಹಾಕುವುದು ಅನುಮೋದನೆಯಂತೆಯೇ ಕಾಣುತ್ತದೆ. ಆದರೆ ಇಬ್ಬರಲ್ಲಿ ಒಬ್ಬನು ಖಂಡಿತವಾಗಿ ಗೆಲ್ಲುವ ಸ್ಪರ್ಧೆಯಲ್ಲಿ, ಒಬ್ಬನನ್ನು ತಡೆಯುವ ಉದ್ದೇಶದಿಂದ ಮತ್ತೊಬ್ಬನನ್ನು ಆರಿಸುವುದು, ಅವನ ಎಲ್ಲ ಕೃತಿಗಳಿಗೂ ಹೌದೆನ್ನುವುದಲ್ಲ. ಮನೆಗೆ ಬೆಂಕಿ ಬಿದ್ದಾಗ ಕೆಸರು ನೀರನ್ನು ಎರಚಿದವನು ಕೆಸರನ್ನು ಮೆಚ್ಚಿದವನಾಗುವುದಿಲ್ಲ. ಹಾಗೆ ಆರಿಸಿದ ಮೇಲೆ ಬಾಯಿ ಮುಚ್ಚಿ ಕುಳಿತರೆ ಮಾತ್ರ ಅದು ಅನುಮೋದನೆಯಾಗುತ್ತದೆ.

ಬೆಲೆ ತೆರುವವರು ಯಾರೆಂಬುದಕ್ಕೆ ಇತ್ತೀಚಿನ ಉದಾಹರಣೆಯೊಂದಿದೆ. 2021ರ ಜನವರಿ 5ರಂದು ಜಾರ್ಜಿಯ ರಾಜ್ಯದಲ್ಲಿ ಎರಡು ಸೆನೆಟ್ ಸ್ಥಾನಗಳಿಗೆ ಮರುಸ್ಪರ್ಧೆ ನಡೆದು, ಅವುಗಳಲ್ಲಿ ಒಂದನ್ನು ಡೆಮೊಕ್ರಾಟಿಕ್ ಪಕ್ಷ ಸುಮಾರು 55,000 ಮತಗಳ ಅಂತರದಿಂದ ಗೆದ್ದಿತು. ಇದರಿಂದ ಸೆನೆಟ್ಟಿನಲ್ಲಿ ಎರಡೂ ಕಡೆ 50 ಸ್ಥಾನಗಳಾಗಿ, ಉಪಾಧ್ಯಕ್ಷರ ನಿರ್ಣಾಯಕ ಮತದಿಂದ ಆ ಪಕ್ಷಕ್ಕೆ ಬಹುಮತ ಬಂದಿತು. ಮಾರ್ಚಿಯಲ್ಲಿ ಅಂಗೀಕೃತವಾದ ಕಾನೂನಿನಂತೆ ಆರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಡಾಲರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000 ಡಾಲರ್‌ವರೆಗೆ ನೆರವು ದೊರೆಯಿತು. ತೀರ ಕಡಿಮೆ ಆದಾಯದವರಿಗೂ ಅದು ಪೂರ್ತಿಯಾಗಿ ಸಂದಿತು. ಜನಗಣತಿ ಇಲಾಖೆಯ ಪೂರಕ ಮಾಪನದಂತೆ ಬಡತನದಲ್ಲಿರುವ ಮಕ್ಕಳ ಪ್ರಮಾಣ 2020ರಲ್ಲಿ ಶೇಕಡ 9.7 ಇದ್ದುದು 2021ರಲ್ಲಿ ಶೇಕಡ 5.2ಕ್ಕೆ ಇಳಿಯಿತು.

ಆ ನೆರವು ಒಂದೇ ವರ್ಷದ್ದು. ಅದನ್ನು ಮುಂದುವರಿಸುವ ಮಸೂದೆಗೆ ಅದೇ ಪಕ್ಷದ ಸೆನೆಟರ್ ಜೋ ಮ್ಯಾಂಚಿನ್ 2021ರ ಡಿಸೆಂಬರಿನಲ್ಲಿ ಒಪ್ಪಿಗೆ ನಿರಾಕರಿಸಿದರು. ಎದುರು ಪಕ್ಷದ 50 ಮಂದಿಯಲ್ಲಿ ಒಬ್ಬರೂ ಕೈಗೂಡಿಸಲಿಲ್ಲ. 2022ರಲ್ಲಿ ಮಕ್ಕಳ ಬಡತನ ಶೇಕಡ 12.4ಕ್ಕೆ ಏರಿತು. ಈ ಒಂದೇ ಘಟನೆಯಲ್ಲಿ ಎರಡೂ ವಾದಗಳಿಗೆ ಸಾಕ್ಷ್ಯವಿದೆ. ಎರಡೂ ಪಕ್ಷಗಳು ಒಂದೇ ಎಂದು ಜಾರ್ಜಿಯದ 55,000 ಮಂದಿ ಮನೆಯಲ್ಲಿ ಉಳಿದಿದ್ದರೆ ಆ ಒಂದು ವರ್ಷದ ಊಟವೂ ಮಕ್ಕಳಿಗೆ ದೊರೆಯುತ್ತಿರಲಿಲ್ಲ. ಅಂತೆಯೇ, ಗೆದ್ದ ಪಕ್ಷವನ್ನು ನಂಬಿ ನಿಶ್ಚಿಂತೆಯಿಂದ ಕುಳಿತವರಿಗೆ ವರ್ಷದ ಕೊನೆಯಲ್ಲಿ ಉತ್ತರ ದೊರೆಯಿತು.

ಮತವನ್ನು ತಡೆಹಿಡಿಯುವವರಲ್ಲಿ ಬಹುಮಂದಿಗೆ ವಿಮೆಯೂ ಉದ್ಯೋಗವೂ ಇರುತ್ತದೆ. ಫಲದ ಪೆಟ್ಟು ಅವರಿಗಿಂತ ಬಡವರಿಗೆ ಬೀಳುತ್ತದೆ. ತನ್ನ ಕೈ ಶುದ್ಧವಾಗಿರಲೆಂದು ಪರರ ತಟ್ಟೆಯಿಂದ ಬೆಲೆ ತೆರುವುದು ಶುದ್ಧಿಯಲ್ಲ. ಆದರೆ ಈ ಮಾತನ್ನು ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದನ್ನು 2024ನೆಯ ವರ್ಷ ತೋರಿಸಿತು. ಗಾಜಾ ಯುದ್ಧದಲ್ಲಿ ಇಸ್ರೇಲಿಗೆ ಅಮೆರಿಕ ಶಸ್ತ್ರ ಒದಗಿಸುತ್ತಿದ್ದುದನ್ನು ಪ್ರತಿಭಟಿಸಿ, ಮಿಷಿಗನ್ ರಾಜ್ಯದಲ್ಲಿ ಫೆಬ್ರವರಿ 27ರಂದು ನಡೆದ ಡೆಮೊಕ್ರಾಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಧ್ಯಕ್ಷ ಬೈಡನ್ ಅವರಿಗೆ ಬದಲಾಗಿ 'ಯಾರಿಗೂ ಬದ್ಧರಲ್ಲ' ಎಂಬ ಅಂಕಣಕ್ಕೆ ಗುರುತು ಹಾಕಿದರು. ಅರಬ್ ಮೂಲದವರೇ ಬಹುಸಂಖ್ಯಾತರಾದ ಡಿಯರ್‌ಬಾರ್ನ್ ನಗರದಲ್ಲಿ 2020ರಲ್ಲಿ ಬೈಡನ್ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮತ ಪಡೆದಿದ್ದರು. 2024ರ ನವೆಂಬರಿನಲ್ಲಿ ಕಮಲಾ ಹ್ಯಾರಿಸ್ ಅವರಿಗೆ ಅಲ್ಲಿ ಸುಮಾರು ಶೇಕಡ 36 ಮಾತ್ರ ಬಂದಿತು, ಡೊನಾಲ್ಡ್ ಟ್ರಂಪ್ ಅವರಿಗೆ ಸುಮಾರು ಶೇಕಡ 42.

ಇವರಲ್ಲಿ ಎಷ್ಟೋ ಮಂದಿ ಗಾಜಾದಲ್ಲಿ, ಲೆಬನಾನಿನಲ್ಲಿ ಸ್ವಂತ ಬಂಧುಗಳನ್ನು ಕಳೆದುಕೊಂಡವರು. ಬೆಲೆಯನ್ನು ಇನ್ನೊಬ್ಬರ ತಟ್ಟೆಯಿಂದ ತೆರುತ್ತಿದ್ದವರಲ್ಲ, ಆಗಲೇ ತೆತ್ತಿದ್ದವರು. ಟ್ರಂಪ್ ಮಿಷಿಗನ್ನನ್ನು ಸುಮಾರು 80,000 ಮತಗಳಿಂದ ಗೆದ್ದರು. ಅಲ್ಲಿ ಹಸಿರು ಪಕ್ಷದ ಜಿಲ್ ಸ್ಟೈನ್ ಪಡೆದ ಮತಗಳು ಆ ಅಂತರಕ್ಕಿಂತ ಕಡಿಮೆ. ಬಲ ಸಮಸಮವಾಗಿದ್ದ ಏಳೂ ರಾಜ್ಯಗಳಲ್ಲಿ ಹ್ಯಾರಿಸ್ ಸೋತರು. ಸೋಲಿನ ಹೊಣೆಯನ್ನು ಈ ನೊಂದವರ ತಲೆಗೆ ಕಟ್ಟುವುದು ಅಂಕಗಣಿತಕ್ಕೂ ವಿರುದ್ಧ, ಕರುಣೆಗೂ ವಿರುದ್ಧ. ಸತ್ತವರ ಮನೆಯವನಿಗೆ ಕಡಿಮೆ ಕೆಡುಕಿನ ಲೆಕ್ಕವನ್ನು ಬೋಧಿಸುವ ಹಕ್ಕು, ಏನನ್ನೂ ಕಳೆದುಕೊಳ್ಳದವನಿಗೆ ಇಲ್ಲ.

ಒಳಗಿದ್ದು ಒಪ್ಪದಿರುವುದು

ಒಪ್ಪಿ ತಲೆಬಾಗುವುದು ಮತ್ತು ತೊರೆದು ಹೋಗುವುದು ಇವೆರಡೇ ದಾರಿಗಳಲ್ಲವೆಂಬುದಕ್ಕೆ 1964ರ ಮಿಸಿಸಿಪ್ಪಿ ರಾಜ್ಯದ ಕಥೆ ನಿದರ್ಶನ. ಫ್ಯಾನಿ ಲೂ ಹೇಮರ್ ಎಂಬ ಕರಿಯ ಹೆಂಗಸು ಅಲ್ಲಿ ಬಿಳಿಯರ ಜಮೀನಿನಲ್ಲಿ ಪಾಲಿಗೆ ದುಡಿಯುತ್ತಿದ್ದರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದುದಕ್ಕೆ ಅವರನ್ನು ಜಮೀನಿನಿಂದ ಹೊರಹಾಕಲಾಯಿತು; 1963ರಲ್ಲಿ ಸೆರೆಮನೆಯಲ್ಲಿ ಕ್ರೂರವಾಗಿ ಥಳಿಸಲಾಯಿತು. ಮಿಸಿಸಿಪ್ಪಿಯ ಅಧಿಕೃತ ಡೆಮೊಕ್ರಾಟಿಕ್ ಪಕ್ಷ ಕರಿಯರನ್ನು ಹೊರಗಿಟ್ಟಿದ್ದುದರಿಂದ ಅವರೂ ಅವರ ಸಂಗಡಿಗರೂ ಮಿಸಿಸಿಪ್ಪಿ ಫ್ರೀಡಂ ಡೆಮೊಕ್ರಾಟಿಕ್ ಪಕ್ಷವನ್ನು ಕಟ್ಟಿ, 1964ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಿಟಿಯ ರಾಷ್ಟ್ರೀಯ ಅಧಿವೇಶನಕ್ಕೆ ಹೋಗಿ ಸ್ಥಾನ ಕೇಳಿದರು. ಅಧ್ಯಕ್ಷ ಜಾನ್ಸನ್ ಅವರ ಕಡೆಯವರು ಎರಡೇ ಎರಡು ಸ್ಥಾನಗಳ ರಾಜಿಯನ್ನು ಮುಂದಿಟ್ಟಾಗ ಅವರು ಅದನ್ನು ನಿರಾಕರಿಸಿದರು.

ಅವಮಾನಿತರಾಗಿ ಊರಿಗೆ ಮರಳಿದ ಆ ಜನ ಮುಂದೇನು ಮಾಡಿದರೆಂಬುದು ಗಮನಾರ್ಹ. ಎದುರು ಪಕ್ಷದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ 1964ರ ನಾಗರಿಕ ಹಕ್ಕುಗಳ ಕಾನೂನಿಗೆ ವಿರುದ್ಧವಾಗಿ ಮತ ಹಾಕಿದ್ದವರು. ಆದುದರಿಂದ ಫ್ರೀಡಂ ಪಕ್ಷ ನವೆಂಬರಿನಲ್ಲಿ ತಮ್ಮನ್ನು ಹೊರಗಟ್ಟಿದ ಅದೇ ಜಾನ್ಸನ್ ಅವರನ್ನೇ ಬೆಂಬಲಿಸಿತು. ಬೆಂಬಲಿಸಿ ಸುಮ್ಮನಾಗಲಿಲ್ಲ, ತಕರಾರನ್ನು ಕಾಂಗ್ರೆಸ್ಸಿನ ಬಾಗಿಲಿಗೆ ಒಯ್ದಿತು. 1965ರಲ್ಲಿ ಸೆಲ್ಮಾದ ಬೀದಿಗಳಲ್ಲಿ ಇತರರು ಪೆಟ್ಟು ತಿಂದರು. ಆಗಸ್ಟ್ 6ರಂದು ಜಾನ್ಸನ್ ಮತದಾನ ಹಕ್ಕುಗಳ ಕಾನೂನಿಗೆ ಸಹಿ ಹಾಕಿದರು. 1968ರ ಷಿಕಾಗೋ ಅಧಿವೇಶನದಲ್ಲಿ ಹೇಮರ್ ಪ್ರತಿನಿಧಿಯಾಗಿ ಆಸನದಲ್ಲಿ ಕುಳಿತರು. ಮತದಿಂದ ಕೆಡುಕನ್ನು ತಡೆದರು, ರಾಜಿಯನ್ನು ನಿರಾಕರಿಸಿ ಗೌರವವನ್ನು ಉಳಿಸಿಕೊಂಡರು, ಉಳಿದ ದಿನಗಳ ದುಡಿಮೆಯಿಂದ ಹಕ್ಕನ್ನು ಗಳಿಸಿದರು.

ಈಚಿನ ವರ್ಷಗಳಲ್ಲಿಯೂ ಇಂಥ ದುಡಿಮೆ ಪೂರ್ತಿ ನಿಷ್ಫಲವಾಗಿಲ್ಲ. 2016ರ ಪ್ರಾಥಮಿಕ ಚುನಾವಣೆಗಳಲ್ಲಿ ಸುಮಾರು 1 ಕೋಟಿ 30 ಲಕ್ಷ ಮತ ಪಡೆದು ಸೋತ ಸ್ಯಾಂಡರ್ಸ್ ಅವರ ಬೆಂಬಲಿಗರು, ಪಕ್ಷದ ಮುಖಂಡರಿಗೆ ತಾವಾಗಿಯೇ ದೊರೆಯುತ್ತಿದ್ದ ವಿಶೇಷ ಪ್ರತಿನಿಧಿ ಸ್ಥಾನಗಳ ವಿರುದ್ಧ ಹೋರಾಡಿದರು. 2018ರಲ್ಲಿ ಪಕ್ಷ ಆ ಪ್ರತಿನಿಧಿಗಳ ಮೊದಲ ಸುತ್ತಿನ ಮತದ ಬಲವನ್ನು ಮೊಟಕುಗೊಳಿಸಿತು. 2020ರಲ್ಲಿ ಫ್ಲಾರಿಡಾ ಟ್ರಂಪ್ ಅವರನ್ನು ಗೆಲ್ಲಿಸಿದ ದಿನವೇ, ಅಲ್ಲಿಯ ಮತದಾರರಲ್ಲಿ ಸುಮಾರು ಶೇಕಡ 61 ಮಂದಿ ಕನಿಷ್ಠ ಕೂಲಿಯನ್ನು ಹಂತಹಂತವಾಗಿ 15 ಡಾಲರಿಗೆ ಏರಿಸುವ ರಾಜ್ಯದ ತಿದ್ದುಪಡಿಯನ್ನು ಅಂಗೀಕರಿಸಿದರು. ವಾಷಿಂಗ್‌ಟನ್ನಿನಲ್ಲಿ ಮುಚ್ಚಿದ ಬಾಗಿಲು ರಾಜ್ಯದ ಮಟ್ಟದಲ್ಲಿ ತೆರೆಯಿತು. ಮತದಾರನು ಅಭ್ಯರ್ಥಿಗಳನ್ನು ಮೊದಲು, ಎರಡನೆಯ, ಮೂರನೆಯ ಇಷ್ಟವೆಂದು ಕ್ರಮವಾಗಿ ಗುರುತಿಸಿ, ತನ್ನ ಮೊದಲ ಇಷ್ಟದವನು ಸೋತರೆ ಮತ ಎರಡನೆಯವನಿಗೆ ಸಲ್ಲುವ ಪದ್ಧತಿಯನ್ನು ಮೇಯ್ನ್ ರಾಜ್ಯ 2018ರಿಂದ, ಅಲಾಸ್ಕ 2022ರಿಂದ ರಾಷ್ಟ್ರೀಯ ಸ್ಥಾನಗಳಿಗೆ ಬಳಸಿವೆ. ಈ ಪದ್ಧತಿಯಲ್ಲಿ ಆತ್ಮಸಾಕ್ಷಿಯ ಮತವೂ ತಡೆಯುವ ಮತವೂ ಒಂದೇ ಚೀಟಿಯಲ್ಲಿ ಸೇರುತ್ತವೆ. 2024ರಲ್ಲಿ ಕೊಲೊರಾಡೊ, ಆರೆಗನ್ ಮೊದಲಾದ ರಾಜ್ಯಗಳ ಮತದಾರರು ಇದನ್ನು ತಿರಸ್ಕರಿಸಿದರೆಂಬುದೂ ಸತ್ಯ. ಕೆಲಸ ಬಾಕಿ ಇದೆ.

ಮತದಾನದ ದಿನ ಮತ್ತು ಉಳಿದ ದಿನಗಳು

ಭಾರತದಲ್ಲಿ 2013ರ ಸುಪ್ರೀಂ ಕೋರ್ಟಿನ ತೀರ್ಪಿನ ಅನಂತರ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಮತಯಂತ್ರಕ್ಕೆ ಬಂದಿತು. ಅಮೆರಿಕದ ನೆವಾಡ ರಾಜ್ಯದಲ್ಲಿ ಅಂಥ ಅಂಕಣ 1976ರಿಂದಲೂ ಇದೆ. ಮನಸ್ಸಿನ ಭಾರ ಇಳಿಸಿಕೊಳ್ಳಲು ಅದು ಉಪಯುಕ್ತ. ಆದರೆ ಎರಡೂ ಕಡೆ ಆ ಅಂಕಣಕ್ಕೆ ಎಷ್ಟೇ ಮತ ಬಂದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. ನಿರಾಕರಣೆಗೆ ಮತಪತ್ರದಲ್ಲಿ ಸ್ಥಳ ಕೊಟ್ಟರೂ ಯಾರಾದರೊಬ್ಬರು ಆಳುವುದು ತಪ್ಪುವುದಿಲ್ಲ.

ಆದುದರಿಂದ ನಿರಾಶನಾದ ಮತದಾರನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಕ್ರಮ ಬದಲಾಗಬೇಕು. ಈ ಅಭ್ಯರ್ಥಿ ತನಗೆ ಯೋಗ್ಯನೆ ಎಂದು ಮೊದಲು ಕೇಳುವುದರ ಬದಲು, ತಾನು ಮತ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಏನಾಗುತ್ತದೆ, ಅದರ ಬೆಲೆಯನ್ನು ತೆರುವವರು ಯಾರು ಎಂದು ಕೇಳಬೇಕು. ಎರಡೂ ಪಕ್ಷಗಳ ನಡುವೆ ಭೇದವಿಲ್ಲವೆಂಬ ಮಾತನ್ನು ಕೋಪದಿಂದ ಹೇಳದೆ, ವಿಷಯವೊಂದೊಂದನ್ನೂ ಎತ್ತಿ ಪರೀಕ್ಷಿಸಿ ಹೇಳಬೇಕು. ಹಾಗೆ ಪರೀಕ್ಷಿಸಿದಾಗ ಕೆಲವು ವಿಷಯಗಳಲ್ಲಿ ಭೇದ ಕಾಣುವುದಿಲ್ಲ, ಕೆಲವುಗಳಲ್ಲಿ ಎರಡು ಕೋಟಿ ಜನರ ಆರೋಗ್ಯದಷ್ಟು ಭೇದ ಕಾಣುತ್ತದೆ. ಮೂರನೆಯವನಿಗೆ ಮತ ಕೊಡುವುದಾದರೆ, ಮುಂದಿನ ಹದಿನಾರು ವರ್ಷ ಆ ಹೊಲವನ್ನು ಕಾಯಲು ಸಿದ್ಧನಿರಬೇಕು. ದೊಡ್ಡ ಪಕ್ಷಕ್ಕೆ ಕೊಡುವುದಾದರೆ, ಮರುದಿನದಿಂದಲೇ ಅದರ ಬಾಗಿಲು ತಟ್ಟಲು ಸಿದ್ಧನಿರಬೇಕು. ಅಲ್ಲಿಯ ಪ್ರಾಥಮಿಕ ಚುನಾವಣೆಗಳಿಗೆ ಬರುವವರು ಕೆಲವರೇ. ಅಧ್ಯಕ್ಷ ಸ್ಥಾನವಿಲ್ಲದ ನಡುಗಾಲದ ಚುನಾವಣೆಯಲ್ಲಿ 2014ರಲ್ಲಿ ಮತ ಹಾಕಿದವರು ಅರ್ಹರಲ್ಲಿ ಶೇಕಡ 40ಕ್ಕಿಂತ ಕಡಿಮೆ. ಮುಖ್ಯ ಚುನಾವಣೆಯಲ್ಲಿ ಎರಡೇ ಹೆಸರುಗಳಿವೆಯೆಂದು ದುಃಖಿಸುವವನು, ಆ ಹೆಸರುಗಳು ನಿರ್ಧಾರವಾದ ದಿನ ಎಲ್ಲಿದ್ದನೆಂದು ನೆನಪಿಸಿಕೊಳ್ಳಬೇಕು.

ಪಕ್ಷದ ಮುಖಂಡರಿಗೂ ಒಂದು ಮಾತು ಸಲ್ಲುತ್ತದೆ. ಎದುರಾಳಿಯ ಭಯವನ್ನು ತೋರಿಸಿ ಮತ ಕೇಳುವುದು ಸಾಲ ಎತ್ತುವ ವ್ಯವಹಾರದಂತೆ. ಮೊದಲ ಸಲ ಸುಲಭವಾಗಿ ದೊರೆಯುತ್ತದೆ. ಅಸಲನ್ನು ತೀರಿಸದೆ ಮತ್ತೆ ಮತ್ತೆ ಕೇಳಿದರೆ ಪತ್ತು ಮುಗಿಯುತ್ತದೆ. ಮತದಾರನ ಭಯ ನಿಜವಾದುದೇ ಆಗಿದ್ದರೂ ಅದು ಅವನಿಗೆ ಮಾಡಿದ ಸೇವೆಯಲ್ಲ. ಯಾರ ಮತದ ಮೇಲೂ ಯಾವ ಪಕ್ಷಕ್ಕೂ ಹುಟ್ಟಿನಿಂದ ಬಂದ ಹಕ್ಕಿಲ್ಲವೆಂದು ಮೂರನೆಯ ಪಕ್ಷದವರು ಹೇಳುವ ಮಾತು ಸತ್ಯ; ಮತಕ್ಕೆ ಹಕ್ಕಿಲ್ಲದಿದ್ದರೂ ಮತದಾರನಿಗೆ ಹೊಣೆಯುಂಟೆಂಬ ಮಾತೂ ಅಷ್ಟೇ ಸತ್ಯ.

1964ರ ನವೆಂಬರಿನಲ್ಲಿ ಹೇಮರ್ ಮತ್ತು ಅವರ ಸಂಗಡಿಗರು ಜಾನ್ಸನ್ ಅವರನ್ನು ಬೆಂಬಲಿಸುವಾಗ ಅವರನ್ನು ಕ್ಷಮಿಸಿದ್ದರೆಂದು ಭಾವಿಸಲು ಕಾರಣವಿಲ್ಲ. ಕ್ಷಮೆಗಾಗಲಿ ಮೆಚ್ಚುಗೆಗಾಗಲಿ ಅದು ಸಮಯವಾಗಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಗೆ ಇನ್ನೂ ಸೇರದ ಲಕ್ಷಾಂತರ ಕರಿಯರಿಗೆ ಯಾರು ಗೆದ್ದರೆ ಬಾಗಿಲು ಸ್ವಲ್ಪವಾದರೂ ತೆರೆದೀತು ಎಂಬುದನ್ನು ಅವರು ನೋಡಿದರು, ಮತ್ತು ಬಾಗಿಲು ತಾನಾಗಿ ತೆರೆಯುವುದಿಲ್ಲವೆಂಬುದನ್ನೂ ಅರಿತು ನಡೆದರು.